ಕೊಸರು ಹಾಕಿದ ಕೈ

ಕಸ್ತೂರಿ, ಆ ದಿನ ಲೆಕ್ಕ ತಪ್ಪಿದ್ದು ನೀನಲ್ಲ, ನಾನು. ನಿನ್ನ ಸಾಲಿ ಬಿಡಿಸಿದ್ದು ಈ ಮುದುಕಿಯ ಕೈ.

ನೆನಪಿದೆಯೋ ಇಲ್ಲೋ — ಬಾಗಲಕೋಟೆಯ ಕಾಲೇಜಿನಲ್ಲಿ ಕಂಪ್ಯೂಟರ್ ಓದುತ್ತಿದ್ದ ನನ್ನ ಮೊಮ್ಮಗಳು ಗಿರಿಜಾ, ರಜೆಗೆ ಇಳಕಲ್ಲಿಗೆ ಬಂದಾಗ ಓಣಿಯ ಹುಡುಗಿಯರಿಗೂ ಅದನ್ನು ಕಲಿಸುತ್ತೇನೆ ಅಂದಳು. ಯಂತ್ರ ಎಲ್ಲಿಂದ ತರುವುದು? ಕಡಲೆಕಾಳು ಸಾಕಂತೆ! ನಮ್ಮ ಕಟ್ಟೆಯ ಮೇಲೆ ಸಾಲಾಗಿ ಕೂಡಿಸಿದಳು. ಒಬ್ಬೊಬ್ಬರಿಗೆ ಒಂದೇ ಕೆಲಸ — ಮೊದಲಿನವಳು ಬಂದ ಕಾಳಿಗೆ ಒಂದು ಸೇರಿಸಬೇಕು, ಮುಂದಿನವಳು ಅದನ್ನು ಎರಡರಷ್ಟು ಮಾಡಬೇಕು, ಮುಷ್ಟಿ ಮುಚ್ಚಿಯೇ ದಾಟಿಸಬೇಕು.

"ಕಂಪ್ಯೂಟರಿನ್ಯಾಗ ಫಂಕ್ಷನ್ ಅಂದ್ರ ಇಷ್ಟ ನೋಡ್ರಿ. ಮತ್ತ ಅಷ್ಟ ಕಾಳು ಕೊಟ್ರ ಮತ್ತ ಅದೇ ಉತ್ತರ ಬರಬೇಕು" ಅಂದಳು.

ನನಗೋ ತಡೆಯಲಾರದ ಕುತೂಹಲ. ಎರಡರಷ್ಟು ಮಾಡುವವಳ ಜಾಗದಲ್ಲಿ ನಾನೇ ಕೂತೆ. "ಆಯಿ, ಕಾಳು ತಿಂದು ಬಿಟ್ಟೀ ಮತ್ತ!" ಅಂತ ನೀವೆಲ್ಲ ನಕ್ಕಿರಿ. ನನ್ನ ಪಕ್ಕ, ಕೊನೆಗೆ, ನೀನು — ಮೂರು ಕಾಳು ತೆಗೆದು ಉಳಿದದ್ದನ್ನು ಕೂಗಿ ಹೇಳುವವಳು.

ನಿಮ್ಮಪ್ಪ ಮಗ್ಗ ಬಿಟ್ಟು ಬಂದು ನಿಂತಿದ್ದ. ನಿನ್ನನ್ನು ಮುಂದೆ ಓದಿಸಬೇಕೋ ಬೇಡವೋ, ನಿನ್ನ ತಲೆ ಹೇಗಿದೆ ಅಂತ ನೋಡಲಿಕ್ಕೆ.

ಮೊದಲ ಸಲ ಉತ್ತರ ಸರಿ ಬಂತು. ಎರಡನೇ ಸಲವೂ ಅಷ್ಟೇ ಕಾಳು ಬಂದವು. ನಾ ಸಂತೆಯಲ್ಲಿ ಕಾಳು ಅಳೆದು ಮಾರಿದವಳು. ಮೇಲಿಷ್ಟು ಕೊಸರು ಹಾಕದಿದ್ದರೆ ಕೈಗೆ ಸಮಾಧಾನವಿಲ್ಲ. ನಿನ್ನ ಮುಖ ನೋಡಿದೆ, ಪ್ರೀತಿ ಬಂತು — ಎರಡು ಕಾಳು ಹೆಚ್ಚಿಗೆ ಹಾಕಿದೆ. ನೀನು ಕೂಗಿದ ಉತ್ತರ ಬೇರೆಯಾಯಿತು. ಎಲ್ಲರೂ ನಿನ್ನನ್ನೇ ನೋಡಿದರು.

"ಮೂರು ಕಾಳು ತಗಿಯಾಕ ಬರಂಗಿಲ್ಲ, ಇಕಿ ಸಾಲಿ ಕಲೀತಾಳಂತ! ನಡಿ, ಮಗ್ಗಕ್ಕ ಕೂಡು" ಅಂದ ನಿಮ್ಮಪ್ಪ.

ನಾ ಬಾಯಿ ಬಿಡಲಿಲ್ಲ. ಮೊಮ್ಮಗಳ ಮುಂದೆ ದಡ್ಡಿಯಾಗಬಾರದು ಅಂತ... ನೀನು ಅಳುತ್ತ ಹೋದದ್ದನ್ನು ನೋಡುತ್ತ ಕೂತೆ.

ಈಗ ಗಿರಿಜಾ ಅದೇ ಕಾಲೇಜಿನಲ್ಲಿ ಕಲಿಸುತ್ತಾಳೆ! ನಿನ್ನೆ ನನ್ನನ್ನೂ ಕರೆದೊಯ್ದಿದ್ದಳು. ಅಷ್ಟು ದೊಡ್ಡ ಹುಡುಗರ ಮುಂದೆ ಅವಳು ಮತ್ತೆ ಕಾಳು ಹಿಡಿದು ನಿಂತಾಗ ನನ್ನ ಎದೆ ಉಬ್ಬಿ ಬಂತು, ಕಸ್ತೂರಿ. ಅಲ್ಲಿಯೂ ಉತ್ತರ ತಪ್ಪಿತು. ಹುಡುಗರು ಕೊನೆಯವನನ್ನು ನೋಡಿ ನಗತೊಡಗಿದರು. ಅವಳು ತಡೆದಳು:

"ಕೊನೀಗಿ ನಿಂತಾಂವಂದ ತಪ್ಪು ಅನಬ್ಯಾಡ್ರಿ. ಒಬ್ಬೊಬ್ಬರ ಮುಷ್ಟಿ ಬಿಚ್ಚಿ ನೋಡ್ರಿ."

ಹಿಂದಿನ ಬೆಂಚಿನಲ್ಲಿ ಕೂತಿದ್ದ ನನ್ನ ಮುಷ್ಟಿ ತಾನೇ ಬಿಗಿಯಾಯಿತು.

ರಾತ್ರಿಯೇ ಗಿರಿಜಾಗೆ ಹೇಳಿದೆ. "ಕಸ್ತೂರಿಗೆ ಹೇಳೀಯೇನು?" ಅಂದಳು, ಅಷ್ಟೇ.

ಈಗ ನಿನಗೆ ಹೇಳಿದ್ದೇನೆ. ನಾಳೆ ನಿಮ್ಮಪ್ಪನ ಮಗ್ಗದ ಮುಂದೆ ಬಂದು ನಿಲ್ಲುತ್ತೇನೆ. ನಡೆದದ್ದನ್ನು ನಡೆದಷ್ಟೇ ಹೇಳುತ್ತೇನೆ — ಈ ಸಲ ಕೊಸರು ಹಾಕುವುದಿಲ್ಲ.