ಪೂಲ್ ಟೇಬಲ್ಲಿನ ಅಡಿಯಲ್ಲಿ ಮಲಗಿ ನಾನು ಬಿಗಿಸಿದ ಬೋಲ್ಟುಗಳು

ಚೆಂಡು ಟೇಬಲ್ಲಿನ ಅಂಚಿಗೆ ಬಡಿದು 'ದಬ್' ಅಂದಿತು. ವಾಪಸ್ ಬರಲಿಲ್ಲ... ಅಲ್ಲೇ ಕೂತುಬಿಟ್ಟಿತು.

ಶ್ರೀರಂಗಪಟ್ಟಣದಿಂದ ಆಡಲು ಬಂದಿದ್ದವರು ಬಿದ್ದು ಬಿದ್ದು ನಕ್ಕರು. "ನಿಮ್ ಟೇಬಲ್ ಸತ್ತೋಗದೆ ಕಣಕ್ಕೋ. ಭಾನ್ವಾರದ್ ಮ್ಯಾಚು ನಮ್ಮೂರಲ್ಲೇ ಇಟ್ಕೋತೀವಿ ಬುಡಿ" ಅಂದ ಅವರ ಲೀಡರ್.

ತೊಂಬತ್ತರ ದಶಕದ ಮಾತು. ಕೆ.ಆರ್. ಪೇಟೆ ಬಸ್ ಸ್ಟ್ಯಾಂಡ್ ಹಿಂದೆ ನಮ್ಮದೊಂದು ಪೂಲ್ ಪಾರ್ಲರ್. ಮೈಸೂರಿನ ಹಳೆಯ ಕ್ಲಬ್ಬೊಂದರಿಂದ ಟೇಬಲ್ ತಂದು ಹಾಕಿದವರು ನಮ್ಮ ಯಜಮಾನರು, ನಡೆಸುತ್ತಿದ್ದವಳು ನಾನು. ಬೀಡಿ ಸಿಗರೇಟು ಇಲ್ಲ, ಕೆಟ್ಟ ಮಾತಿಲ್ಲ, ಚಪ್ಪಲಿ ಹೊರಗೆ.

ನಾಲ್ಕು ತಾಲ್ಲೂಕಿನವರು ಸೇರಿ ಆಡುವ ಮ್ಯಾಚು ಮೊದಲ ಸಲ ನಮ್ಮಲ್ಲಿಗೆ ಬಂದಿತ್ತು. ಅದು ಕೈ ತಪ್ಪುತ್ತದೆ ಅಂದರೆ... ನನಗೆ ಊಟ ಸೇರಲಿಲ್ಲ.

ಮೈಸೂರಿನ ಫಿಟ್ಟರನ್ನು ಕರೆಸಿದೆವು. ಇಡೀ ಅಂಚೇ ಹೊಸದು ಹಾಕಬೇಕು, ತರಿಸಲು ಒಂದು ತಿಂಗಳು ಹಿಡಿಯುತ್ತದೆ ಅಂದು ಹೊರಟುಹೋದ. ಆವತ್ತು ಗುರುವಾರ.

ನಾನು ಸೆರಗು ಸೊಂಟಕ್ಕೆ ಸಿಕ್ಕಿಸಿ, ಟಾರ್ಚ್ ಹಿಡಿದು ಟೇಬಲ್ಲಿನ ಅಡಿಗೆ ಹೋದೆ.

ರಬ್ಬರ್ ಕೂರಿಸಿದ ಮರದ ಅಂಚನ್ನು ಬಟ್ಟೆಯಡಿಯ ಕಲ್ಲಿನ ಚಪ್ಪಡಿಗೆ ಕೆಳಗಿನಿಂದ ಬೋಲ್ಟು ಹಾಕಿ ಹಿಡಿಸಿರುತ್ತಾರೆ. ನೋಡಿದರೆ ಪ್ರತಿ ಬೋಲ್ಟಿಗೂ ವಾಷರ್ ಬದಲು ಸೈಕಲ್ ಟ್ಯೂಬಿನ ತುಂಡು!

"ಇದ್ಯಾರ್ ಕೆಲ್ಸ?" ಅಲ್ಲಿಂದಲೇ ಕೂಗಿದೆ.

"ನಂದೇ ಕಣಮ್ಮಿ" ಅಂದರು ಯಜಮಾನರು. "ಸಡ್ಲ ಆಗಿತ್ತು. ಪಂಪ್‌ಸೆಟ್ಗೆ ಆಕಲ್ವಾ, ಅಂಗೇ ಆಕ್ದೆ."

"ಇದೇನ್ ನೀರೆತ್ತೋ ಮಿಷಿನ್ನಾ? ಚೆಂಡಿನ್ ಏಟ್ನೆಲ್ಲ ನಿಮ್ ಟ್ಯೂಬೇ ನುಂಗ್ತಾ ಅದಲ್ರೀ!"

ಅವರು ಸ್ಪ್ಯಾನರ್ ತಂದು ನನ್ನ ಕೈಗಿಟ್ಟರು.

ನಾನು ಪಾಂಡವಪುರದ ಕಡೆಯ ಆಲೆಮನೆಯವರ ಮಗಳು. ಕಬ್ಬಿನ ಗಾಣದ ಬೋಲ್ಟು ಬಿಗಿಸುವುದನ್ನು ನೋಡಿಕೊಂಡೇ ಬೆಳೆದವಳು.

ಒಂದನ್ನೇ ಪೂರ್ತಿ ಬಿಗಿಸಬಾರದು. ಮೊದಲು ಎಲ್ಲವನ್ನೂ ಕೈಯಲ್ಲೇ ತಿರುಗಿಸಿ ಕೂರಿಸಬೇಕು. ಆಮೇಲೆ ಸ್ಪ್ಯಾನರ್ ಹಿಡಿದು ನಡುವಿನದಕ್ಕೆ ಸ್ವಲ್ಪ, ಈ ತುದಿಗೆ ಸ್ವಲ್ಪ, ಆ ತುದಿಗೆ ಸ್ವಲ್ಪ... ಹೀಗೆ ಸುತ್ತು ಬರಬೇಕು. ಕೊನೆಗೆ ಬೋಲ್ಟಿನ ತಲೆಯಿಂದ ಪಕ್ಕಕ್ಕೆ ಸುಣ್ಣದ ಗೀಟು. ಗೀಟು ಮುರಿದಿದ್ದರೆ ಬೋಲ್ಟು ಸಡಿಲಿದೆ ಅಂತ ಅರ್ಥ.

ಮರದೊಳಗೆ ಬೋಲ್ಟು ಕಚ್ಚಿಕೊಳ್ಳುವ ಕಬ್ಬಿಣದ ಬಿಲ್ಲೆಗಳಿರುತ್ತವೆ. ಅವುಗಳಲ್ಲಿ ಮೂರರ ಥ್ರೆಡ್ಡು ಸವೆದುಹೋಗಿತ್ತು. ಬಿಚ್ಚಿಕೊಂಡು ನಾಗಮಂಗಲ ರಸ್ತೆಯ ಲೇತ್ ಅಂಗಡಿಗೆ ಹೋದೆ.

"ಯಾವ್ ಗಾಡೀದಕ್ಕ ಇದು?" ಅಂದ ಲೇತಿನವನು.

"ಓಡ್ದೇ ಇರೋ ಗಾಡೀದು. ಅಳ್ತೆ ತಪ್ದಂಗೆ ಮಾಡ್ಕೊಡು ಸಾಕು."

ಶನಿವಾರ ಮಧ್ಯಾಹ್ನ ಯಜಮಾನರು ಮೇಲೆ ಅಂಚನ್ನು ಒತ್ತಿ ಹಿಡಿದರು. ನಾನು ಕೆಳಗೆ ಮಲಗಿ ಹೊಸ ಬಿಲ್ಲೆಗೆ ಬೋಲ್ಟು ಕೊಟ್ಟು, ಟ್ಯೂಬಿನ ಜಾಗಕ್ಕೆ ಕಬ್ಬಿಣದ ವಾಷರ್ ಹಾಕಿ, ಒಂದೊಂದಾಗಿ ಬಿಗಿಸಿದೆ. ಕಣ್ಣಿಗೆಲ್ಲ ತುಕ್ಕಿನ ಪುಡಿ.

ಟೇಬಲ್ ಸರಿಯಾಯಿತೆಂದು ಹೇಳಿ ಕಳಿಸಿದ್ದೆವು; ಭಾನುವಾರ ಅದೇ ಲೀಡರ್ ಬಂದ. ಬೇಕೆಂದೇ ಅಂಚಿಗೆ ಗುರಿಯಿಟ್ಟು ಬಲವಾಗಿ ಹೊಡೆದ.

ಚೆಂಡು ಆ ಕಡೆ ಬಡಿದು ಈ ಕಡೆ ಬಂತು, ಇಲ್ಲಿಂದ ಮತ್ತೆ ಆ ಕಡೆ, ಮತ್ತೆ ಈ ಕಡೆ... ಲೀಡರ್ ಕೋಲು ಕೆಳಗಿಟ್ಟು ನನ್ನ ಕಡೆ ತಿರುಗಿದ.

"ಯಾರಕ್ಕ ರಿಪೇರಿ ಮಾಡಿದ್ದು? ಮೈಸೂರ್ನೋರಾ?"

ನಾನು ಬಾಯಿ ತೆರೆಯುವ ಮೊದಲೇ ಯಜಮಾನರು ಅಂದರು, "ನಮ್ಮನೆಯವ್ಳು ಕಣ್ಲಾ. ಬಾಯ್ ಮುಚ್ಕೊಂಡು ಆಟ ಆಡು."

ಮ್ಯಾಚು ನಮ್ಮಲ್ಲೇ ನಡೆಯಿತು. ಮುಂದಿನ ವರ್ಷವೂ ನಮ್ಮಲ್ಲೇ.

ಆವತ್ತಿನಿಂದ ನಮ್ಮ ಮನೆಯಲ್ಲಿ ಏನು ಕೆಟ್ಟರೂ ಮೊದಲು ನನ್ನನ್ನೇ ಕೂಗುತ್ತಾರೆ... ನಿಮ್ಮ ಮನೆಯಲ್ಲಿ ಯಾರನ್ನು?