ಎಡಗಾಲಿನದು ಇಲ್ಲಿ, ಬಲಗಾಲಿನದು ಅಲ್ಲಿ

ಗೇಟಿಗೆ ಅಡ್ಡವಾಗಿ ಕಾರು ನಿಲ್ಲಿಸಿ ಮಾಯವಾಗುವವರನ್ನೂ ಲಿಫ್ಟಿನ ಬಾಗಿಲನ್ನು ಕಾಲಿನಿಂದ ತಡೆದು ಫೋನಿನಲ್ಲಿ ಹರಟುವವರನ್ನೂ ನಾನು ಶಿಸ್ತಿನ ಬಲದಿಂದ ಹೇಗೋ ಸಹಿಸಿಕೊಂಡಿದ್ದೇನೆ. ಆದರೆ ಬೆಳಗಿನ ವಾಕಿಂಗಿನಲ್ಲಿ ಸದ್ದೇ ಇಲ್ಲದೆ ಹಿಂದಿನಿಂದ ಬಂದು ಮುಂದೆ ಸಾಗುವವರನ್ನು ಸಹಿಸುವ ವಿದ್ಯೆ ನನಗಿನ್ನೂ ಒಲಿದಿಲ್ಲ.

ಹಳೆಯ ಶೂಗಳಿಗೊಂದು ಮರ್ಯಾದೆಯಿತ್ತು, ನೋಡಿ. ಟಪಟಪ ಎಂದು ಮುನ್ಸೂಚನೆ ಕೊಟ್ಟು ಬರುತ್ತಿದ್ದವು. ನಾವೂ ಹೆಜ್ಜೆ ಚುರುಕು ಮಾಡಿಕೊಳ್ಳಬಹುದಿತ್ತು. ಪಕ್ಕದ ಮನೆಯ ಶ್ರೀಕಂಠಯ್ಯನವರು ಮೊನ್ನೆ ಕೊಂಡ ಸ್ಪೋರ್ಟ್ಸ್ ಶೂಗಳಿಗೆ ಆ ಸೌಜನ್ಯವಿಲ್ಲ. ನಿವೃತ್ತರಾದಾಗಿನಿಂದ ಜಯನಗರದ ಬೀದಿಗಳಲ್ಲಿ ನಾವಿಬ್ಬರೂ ಒಟ್ಟಿಗೆ ನಡೆಯುತ್ತೇವೆ. ಒಟ್ಟಿಗೆ ಎಂದರೆ, ನಾನು ಮುಂದೆ, ಅವರು ಹಿಂದೆ. ಈಗ ಮೆತ್ತನೆಯ ಅಟ್ಟೆಯ ಮೇಲೆ ತೇಲುತ್ತ ಅವರು ಮುಂದಾದರು. ನಿವೃತ್ತಿಯ ನಂತರ ನನಗೆ ಉಳಿದಿದ್ದ ಒಂದೇ ಒಂದು ಅಗ್ರಸ್ಥಾನ ಹೋಯಿತು.

ಹೊಟ್ಟೆಕಿಚ್ಚು ನನ್ನನ್ನು ನಾಲ್ಕನೇ ಬ್ಲಾಕಿನ ಶೂ ಅಂಗಡಿಗೂ ಎಳೆದೊಯ್ದಿತು. ಚೀಟಿಯ ಬೆಲೆ ಓದಿ, "ಇದು ಒಂದು ಕಾಲಿಗೇನಮ್ಮ, ಎರಡಕ್ಕೂನಾ?" ಎಂದೆ.

"ಎರಡಕ್ಕೂ ಅಂಕಲ್. ಲೇಸ್ ಫ್ರೀ," ಎಂದಳು ಹುಡುಗಿ, ನಗದೆ.

ಪಾದವನ್ನು ರಕ್ಷಿಸುವುದು ಪಾದರಕ್ಷೆ; ಈ ಬೆಲೆಗೆ ಪಾದವೇ ಅದನ್ನು ರಕ್ಷಿಸಬೇಕು ಎಂದುಕೊಂಡು ಬರಿಗೈಯಲ್ಲಿ ಮರಳಿದೆ.

ಶ್ರೀಕಂಠಯ್ಯನವರು ರಕ್ಷಣೆಯ ಉಪಾಯವನ್ನೂ ಕಂಡುಕೊಂಡಿದ್ದರು. ಶನಿವಾರ ವಾಕಿಂಗ್ ಮುಗಿಸಿ ಹನುಮಂತನ ಗುಡಿಗೆ ಹೋಗುವುದು ನಮ್ಮ ವಾಡಿಕೆ. ಅಂದು ಮೊದಲು ತಲುಪಿದ ಅವರು ಎಡಗಾಲಿನ ಶೂ ಅರಳಿಕಟ್ಟೆಯ ಬಳಿ, ಬಲಗಾಲಿನದು ಹೂವಿನಂಗಡಿಯ ಪಕ್ಕ ಬಿಟ್ಟು ಒಳಗೆ ನಡೆದರು. ಒಂಟಿ ಶೂ ಕದಿಯುವ ಕಳ್ಳನುಂಟೇ? ನಾನಾದರೋ ಚಪ್ಪಲಿ ಜೋಡಿಸಿಡದವನಿಗೆ ಕಾಫಿಯೇ ಸಿಗದ ಮನೆಯಲ್ಲಿ ಬೆಳೆದವನು. ಅಗಲಿದ ಆ ಜೋಡಿಯನ್ನು ಕಂಡು ಕೈ ಸುಮ್ಮನಿರಲಿಲ್ಲ. ಬಲಗಾಲಿನದನ್ನು ತಂದು, ಎರಡನ್ನೂ ಕಟ್ಟೆಯ ಹಿಂದೆ ಅಚ್ಚುಕಟ್ಟಾಗಿ ಸೇರಿಸಿಟ್ಟು ಒಳಗೆ ಹೋದೆ.

ತೀರ್ಥ ತೆಗೆದುಕೊಂಡು ಹೊರಬಂದ ಶ್ರೀಕಂಠಯ್ಯನವರು ಹೂವಿನಂಗಡಿಯ ಬಳಿ ಕಲ್ಲಾದರು. "ಅಯ್ಯೋ, ಹೋಯ್ತಲ್ರೀ!"

"ಶನಿವಾರ ಹೋದ್ರೆ ಒಳ್ಳೇದೇ ಸಾರ್. ಪೀಡೆ ಕಳೀತು ಅನ್ಕೊಳ್ಳಿ," ಎಂದಳು ಹೂವಿನವಳು, ಮೊಳ ಹಾಕುತ್ತಲೇ.

ನಾನು ಬೆರಳು ತೋರಿಸಿದ್ದರೆ ಸಾಕಿತ್ತು. ತೋರಿಸಲಿಲ್ಲ. ಬರಿಗಾಲಿನಲ್ಲಿ ಅವರು ನನ್ನ ಹಿಂದೆ ಮನೆಗೆ ಬರುವ ಚಿತ್ರವೊಂದು ಮನಸ್ಸಿಗೆ ಬಂದು, ಅದರ ರುಚಿಯಲ್ಲಿ ನಾಲಿಗೆ ಸುಮ್ಮನಾಗಿತ್ತು.

ಅವರು ಕಟ್ಟೆಯ ಮೇಲೆ ಕುಸಿದರು. "ಮಂಡಿ ನೋವಿಗೆ ಅಂತ ಮನಸ್ಸು ಗಟ್ಟಿ ಮಾಡಿ ತಗೊಂಡಿದ್ದೆ ಕಣ್ರೀ. ಇಷ್ಟು ವರ್ಷ ನಿಮ್ಮ ಬೆನ್ನೇ ನೋಡ್ಕೊಂಡು ನಡೆದೆ. ಒಂದ್ ವಾರ ಆದ್ರೂ ರಸ್ತೆ ನೋಡಿದ್ನಲ್ಲ, ಬಿಡಿ."

"ಹಿಂದೆ ನೋಡಿ," ಎಂದೆ. "ನಾನೇ ಜೋಡ್ಸಿಟ್ಟಿದ್ದು."

ಅವರು ಬಗ್ಗಿ ನೋಡಿ, ಶೂಗಳನ್ನು ಎದೆಗೊತ್ತಿಕೊಂಡು ನಕ್ಕರು. "ಕಳ್ಳನಿಗೆ ತೊಂದರೆ ಆಗ್ಬಾರ್ದು ಅಂತಾನಾ ಸ್ವಾಮಿ?"

ಮರಳುವಾಗ ಅವರು ಮುಂದೆ, ನಾನು ಹಿಂದೆ. ಇಷ್ಟು ವರ್ಷದ ಸ್ನೇಹದಲ್ಲಿ ಅವರ ಬೆನ್ನನ್ನು ನಾನು ಸರಿಯಾಗಿ ಕಂಡದ್ದು ಅಂದೇ. ಬಲಕ್ಕೆ ತುಸು ವಾಲುತ್ತದೆ. ರಸ್ತೆಯ ತಿರುವಿನಲ್ಲಿ ಅವರು ನಿಂತರು, ನಾನು ಬರಲಿ ಎಂದು. ನಾನು ಮುಂದಿದ್ದಷ್ಟು ಕಾಲ ಹಾಗೆ ಒಮ್ಮೆಯೂ ನಿಂತದ್ದಿಲ್ಲ. ಶೂ ಕಂಡಾಗ ಆಗಿದ್ದಕ್ಕಿಂತ ಹೆಚ್ಚಿನ ಹೊಟ್ಟೆಕಿಚ್ಚು ನನಗೆ ಆಗ ಆಯಿತು.