ಹೊಗೆ ಬಿಡದವರ ಮನೆ

ನಾನು ಮದುವೆಯಾಗಿ ಕಲ್ಕತ್ತೆಗೆ ಬಂದ ಕಾಲಕ್ಕೆ ಸೆಕ್ಟರ್ ಫೈವ್‌ನಲ್ಲಿ ಎಲ್ಲಿ ನೋಡಿದರೂ ಹೊಸ ಗಾಜಿನ ಕಟ್ಟಡಗಳು ಏಳುತ್ತಿದ್ದವು. ಅಂಥದೊಂದರಲ್ಲಿ ನನಗೂ ಸಾಫ್ಟ್‌ವೇರ್ ಕೆಲಸ ಸಿಕ್ಕಿತು. ಕೆಳಗಿನ ಚಹಾದಂಗಡಿಯ ಮುಂದೆ, ಕೊರಳಲ್ಲಿ ಗುರುತಿನ ಚೀಟಿ ನೇತುಹಾಕಿಕೊಂಡ ಹುಡುಗರು ಹೊತ್ತುಗೊತ್ತಿಲ್ಲದೆ ಸಿಗರೇಟು ಸೇದುತ್ತ ನಿಂತಿರುತ್ತಿದ್ದರು. ಯಾಕೆ ಅಂದರೆ ‘ಟೆನ್ಷನ್’ ಅನ್ನುತ್ತಿದ್ದರು. ಇಡೀ ದಿನ ಎಸಿಯಲ್ಲಿ ಕೂತವರಿಗೆ ಅದೆಂಥ ಟೆನ್ಷನ್ನೋ!

ಒಮ್ಮೆ ಆ ಕಡೆ ಬಂದಿದ್ದ ನನ್ನ ಮಾವನವರು ಅವರನ್ನು ಕಂಡು ಮೂಗು ಮುಚ್ಚಿಕೊಂಡೇ ಮನೆಗೆ ಮರಳಿದರು.

“ಥೂ, ಎಂಥೋರ ಜೊತೆ ಕೆಲ್ಸ ಮಾಡ್ತೀಯಮ್ಮ! ನಮ್ಮ ವಂಶದಲ್ಲಿ ಇದುವರೆಗೂ ಒಬ್ಬರೂ ಹೊಗೆ ಬಿಟ್ಟೋರಿಲ್ಲ.”

ಇದನ್ನು ಹೇಳುವಾಗ ಅವರ ಎಡಗೆನ್ನೆ ಹೊಗೆಸೊಪ್ಪಿನಿಂದ ಉಬ್ಬಿತ್ತು.

ಮಾವನವರು ಖಿದಿರ್‌ಪುರದ ಬಂದರಿನ ಕಚೇರಿಯಲ್ಲಿ ದುಡಿದು ನಿವೃತ್ತರಾದವರು. ಊಟವಾದ ಮೇಲೆ ಎಲೆ ಅಡಿಕೆಯ ತಟ್ಟೆ ಮುಂದಿಟ್ಟುಕೊಂಡು ಕೂತರೆ ಪೂಜೆಗೆ ಕೂತ ಗಾಂಭೀರ್ಯ. ಲೇಕ್ ಮಾರ್ಕೆಟ್ಟಿನಿಂದ ತಂದ ಎಲೆಯ ತೊಟ್ಟು ಮುರಿದು, ಬೆನ್ನಿಗೆ ಸುಣ್ಣ ಸವರಿ, ಅಡಿಕೆ ಹಾಕಿ ಮಡಿಸುವರು. ಆಮೇಲೆ ಮೈಸೂರು ಕಡೆಯಿಂದ ಬಂದವರ ಕೈಲಿ ತರಿಸಿಕೊಂಡ ಹೊಗೆಸೊಪ್ಪನ್ನು ಅಂಗೈಯಲ್ಲಿ ತಿಕ್ಕಿ ದವಡೆಗೆ ಒತ್ತಿಕೊಂಡು ಹಾಗೆಯೇ ಮಲಗಿಬಿಡುವರು. ಅತ್ತೆಯ ಪ್ರಕಾರ ಅದು ತಾಂಬೂಲ. ನನ್ನ ಗಂಡನ ಪ್ರಕಾರವೂ ತಾಂಬೂಲ. ತಂಬಾಕು ಅಂದರೆ ಬೀದಿಯಲ್ಲಿ ಪೋಲಿಗಳು ಸೇದುವುದು.

“ಎಲೆ ಅಡಿಕೆ ನಮ್ಮದೇ ಮಾವ. ಈ ಸೊಪ್ಪು ಮಾತ್ರ ಪರಂಗಿಯವರ ಹಡಗಿನಲ್ಲಿ ಬಂದದ್ದು. ಸಿಗರೇಟಲ್ಲಿರೋದೂ ಇದೇ,” ಅಂದೆ ಒಂದು ದಿನ.

“ಮೆಣಸಿನಕಾಯೀನೂ ಅದೇ ಹಡಗಲ್ಲೇ ಬಂತು. ಸಾರಿಗೆ ಹಾಕೋದು ಬಿಡ್ತೀಯಾ?” ಅಂದರು. ಮನೆಯೆಲ್ಲ ನಕ್ಕಿತು. ಹಡಗು ನೋಡುತ್ತಲೇ ಆಯುಷ್ಯ ಕಳೆದ ಮನುಷ್ಯನಿಗೆ ಉತ್ತರಕ್ಕೇನು ಬರವೇ!

ಆದರೆ ಆ ಸಾರೇ ಮೊದಲು ಕೈಕೊಟ್ಟಿತು. ಒಂದು ತುತ್ತಿಗೆ ಬಾಯೆಲ್ಲ ಉರಿ ಅನ್ನತೊಡಗಿದರು. ಅತ್ತೆ ಖಾರ ಕಡಿಮೆ ಮಾಡಿದರು, ಬಿಟ್ಟರು, ಕೊನೆಗೆ ಬರೀ ಮಜ್ಜಿಗೆ ಅನ್ನ. ಆಮೇಲೆ ಬಾಯಿ ಪೂರ್ತಿ ತೆರೆಯಲಾಗದೆ ತುತ್ತು ಸಣ್ಣದಾಯಿತು. ಕೆನ್ನೆಯೊಳಗೆ ಬಿಳಿ ಮಚ್ಚೆ, ಅದರ ನಡುವೆ ಆರದ ಹುಣ್ಣು. ಹುಣ್ಣಿನ ಮೇಲೆಯೇ ಹೊಗೆಸೊಪ್ಪು ಒತ್ತಿಕೊಳ್ಳುತ್ತಿದ್ದರು, ನೋವು ಮರೆಯುತ್ತದಂತೆ.

ನನ್ನ ಗಂಡ ಅವರನ್ನು ಹತ್ತಿರದ ಹಲ್ಲಿನ ಡಾಕ್ಟರ ಬಳಿ ಕರೆದೊಯ್ದ. ತಂಬಾಕು ಅಭ್ಯಾಸವಿದೆಯೇ ಅಂತ ಅವರು ಕೇಳಿದ್ದಾರೆ. “ನೋ ಸ್ಮೋಕಿಂಗ್, ನೋ ಡ್ರಿಂಕಿಂಗ್, ನಥಿಂಗ್,” ಅಂದಿದ್ದಾರೆ ಮಾವ. ಪಕ್ಕದಲ್ಲಿ ಕೂತ ಮಗ ತಲೆಯಾಡಿಸಿದ್ದಾನೆ. ಆ ಡಾಕ್ಟರೂ ಅಂಥವರೇ, ಕರೆಗಟ್ಟಿದ ಹಲ್ಲು ಕಣ್ಣೆದುರಿಗಿದ್ದರೂ ಮುಲಾಮು ಬರೆದುಕೊಟ್ಟರು. ಮುಲಾಮು ಹಚ್ಚುತ್ತ ತಿಂಗಳುಗಳು ಕಳೆದವು. ಅಪ್ಪ ಮಗ ಇಬ್ಬರೂ ಸುಳ್ಳು ಹೇಳಿರಲಿಲ್ಲ, ನಿಜವಾಗಿಯೂ ಹಾಗೇ ನಂಬಿದ್ದರು. ಸುಳ್ಳನನ್ನಾದರೂ ಜಾಡಿಸಿ ಸರಿಮಾಡಬಹುದು, ಇಂಥವರಿಗೆ ಏನು ಮಾಡುವುದು?

ಡಾಕ್ಟರಿಗೆ ಹೀಗೆ ಹೇಳಿದ್ದು ತಿಳಿದ ದಿನವೇ ರಜೆ ಹಾಕಿ ಅವರನ್ನು ದೊಡ್ಡ ಆಸ್ಪತ್ರೆಗೆ ನಾನೇ ಕರೆದುಕೊಂಡು ಹೋದೆ. ಅಲ್ಲೂ ಅದೇ ಪ್ರಶ್ನೆ ಬಂತು. ಮಾವ ಬಾಯಿ ತೆರೆಯುವ ಮೊದಲೇ, “ಇದೆ ಡಾಕ್ಟರ್. ಪ್ರತಿದಿನ. ಬಾಯಲ್ಲಿಟ್ಟುಕೊಂಡೇ ಮಲಗುತ್ತಾರೆ,” ಅಂತ ಇಂಗ್ಲಿಷಿನಲ್ಲಿ ಹೇಳಿಬಿಟ್ಟೆ.

“ಕಂಡೋರ ಮುಂದೆ ಮನೆ ಮಾನ ಕಳೀತೀಯಾ?” ಅಂದರು ಮಾವ. ಮುಖ ಕೆಂಪಾಗಿತ್ತು. ನನಗೆ ಕರುಣೆ ಬರಬೇಕಿತ್ತು, ಬಂದದ್ದು ಸಿಟ್ಟು. ಜೀವ ಹೋಗುವ ಹೊತ್ತಿಗೆ ಈ ಮನುಷ್ಯನಿಗೆ ಮಾನದ ಚಿಂತೆ.

ಹುಣ್ಣಿನ ಚೂರು ತೆಗೆದು ಪರೀಕ್ಷಿಸಿದರು. ಕ್ಯಾನ್ಸರ್ ಎಂದು ತಿಳಿದ ಸಂಜೆ ಅತ್ತೆ ಅಡುಗೆಮನೆಯಲ್ಲಿ ಕೂತು ಅತ್ತರು. ಕಣ್ಣೊರೆಸಿಕೊಂಡು ಹೊರಗೆ ಬಂದವರ ಬಳಿ ಕಾರಣ ಸಿದ್ಧವಾಗಿತ್ತು.

“ಇಲ್ಲೀ ಸುಣ್ಣವೇ ಸರಿಯಿಲ್ಲ. ಏನೇನು ಬೆರೆಸ್ತಾರೋ. ಊರಲ್ಲಿ ಎಷ್ಟು ಜನ ಹಾಕ್ಕೊಳಲ್ಲ, ಯಾರಿಗಾದ್ರೂ ಹೀಗಾಯ್ತಾ?”

ಊರಲ್ಲಿ ಬಾಯಿ ಹುಣ್ಣಾಗಿ ಸತ್ತವರನ್ನು ನಾನು ಒಬ್ಬೊಬ್ಬರಾಗಿ ನೆನಪಿಸಿದೆ. ಅವರಿಗೆಲ್ಲ ಬೇರೆ ಬೇರೆ ಕಾರಣಗಳಿದ್ದವು. ಒಬ್ಬರಿಗೆ ಚೂಪು ಹಲ್ಲು, ಇನ್ನೊಬ್ಬರಿಗೆ ಉಷ್ಣ, ಮತ್ತೊಬ್ಬರಿಗೆ ಯಾರದೋ ಕಣ್ಣು.

ಆಪರೇಷನ್ನಿನಲ್ಲಿ ಎಡ ದವಡೆಯನ್ನೂ ನಾಲಿಗೆಯ ಒಂದು ಭಾಗವನ್ನೂ ತೆಗೆದರು. ಜೀವ ಉಳಿಯಿತು, ಮಾತು ಹೋಯಿತು. ಮೂಗಿನ ಕೊಳವೆಯಲ್ಲಿ ಗಂಜಿ ಇಳಿಸುವುದನ್ನು ಅತ್ತೆ ಕಲಿತರು.

ಮನೆಗೆ ಬಂದ ಮೇಲೆ ಕಲ್ಕತ್ತೆಯ ಕನ್ನಡದವರೆಲ್ಲ ನೋಡಲು ಬಂದರು. ಎಂಥ ನಿಷ್ಠಾವಂತರಿಗೆ ಎಂಥ ಗತಿ ಎಂದು ಮರುಗಿದರು. ಬಂದವರ ಮೊಮ್ಮಕ್ಕಳು ಹಿಂದಿಯಲ್ಲಿ ‘ದಾದಾಜಿಗೇನಾಯ್ತು’ ಎಂದು ಪಿಸುಗುಟ್ಟಿಕೊಂಡರು. ಕಾಫಿ ಆಯಿತು. ಹಿರಿಯರೊಬ್ಬರು ಸಂಕೋಚದಿಂದ ಅತ್ತಿತ್ತ ನೋಡಿದರು. ಅತ್ತೆಗೆ ತಕ್ಷಣ ಅರ್ಥವಾಯಿತು. ಒಳಗೆ ಹೋಗಿ ತಟ್ಟೆ ತಂದು ಮುಂದಿಟ್ಟರು. ಎಲೆ, ಅಡಿಕೆ, ಹೊಗೆಸೊಪ್ಪು, ಹೊಸ ಡಬ್ಬಿ.

“ಊರಿಂದ ತರಿಸಿದ ಸುಣ್ಣ. ಧೈರ್ಯವಾಗಿ ಹಾಕ್ಕೊಳಿ,” ಅಂದರು.

ಮೂಲೆಯ ಕುರ್ಚಿಯಲ್ಲಿ ಅರ್ಧ ಮುಖದ ಮಾವ, ಹೌದು ಹೌದು ಎಂದು ತಲೆಯಾಡಿಸಿದರು.